ಸಾಲ ತೀರಿದರೆ ಸಾಲದು, ಬೋಜಾ ಇಳಿಯಬೇಕು

(ಬೆಳ್ಳಿ ಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿವಸ ನಮಗೂ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದಕ್ಕೆ ಆಡಳಿತ ಮಂಡಳಿಗೆ ಮೊದಲು ವಂದನೆ ಸಲ್ಲಿಸುತ್ತೇವೆ. ನಾವು ಕಲಿತದ್ದು ಎಸ್.ಎಸ್.ಎಲ್.ಸಿ., ಮಾಡುವುದು ಒಕ್ಕಲುತನ. ಕಾಯ್ದೆ ಓದಿದವರಲ್ಲ. ಇಲ್ಲಿ ಹೇಳುವುದರಲ್ಲಿ ಅರ್ಧ ಪೆಟ್ಟು ತಿಂದು ಕಲಿತದ್ದು, ಇನ್ನರ್ಧ ತಿಳಿದವರನ್ನು ಕೇಳಿ ತಿಳಿದದ್ದು. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆವತ್ತಿನಿಂದ ಇವತ್ತಿನವರೆಗೆ ಇಂಥ ಸಂಘಗಳು ನಿಂತದ್ದು ಒಂದೇ ಒಂದು ಮಾತಿನ ಮೇಲೆ. ಅದು ಲೆಕ್ಕ. ಸದಸ್ಯ ಲೆಕ್ಕ ಕೇಳಬೇಕು, ಸಂಘ ಲೆಕ್ಕ ಕೊಡಬೇಕು. ಆದ್ದರಿಂದ ನಾವೂ ಇವತ್ತು ಒಂದು ಲೆಕ್ಕ ಕೊಡಲು ನಿಂತಿದ್ದೇವೆ.

2024ರಲ್ಲಿ ನಮ್ಮ ಸಂಘ ಊರ ಹೊರಗಿನ ಅಕ್ಕಿ ಗಿರಣಿಯನ್ನು ಕೊಂಡಿತು. ಹಾನಗಲ್ಲ ಸೀಮೆಯ ನಾವು ಭತ್ತ ಬೆಳೆಯುವವರು, ಬೆಳೆದ ಭತ್ತ ಅಕ್ಕಿಯಾಗಿ ನಮ್ಮ ಸಂಘದಿಂದಲೇ ಹೋಗಲಿ ಎಂಬ ಆಸೆಯಿಂದ ಸರ್ವ ಸಾಧಾರಣ ಸಭೆಯಲ್ಲಿ ಠರಾವು ಮಾಡಿ, ಇಲಾಖೆಯ ಒಪ್ಪಿಗೆ ಪಡೆದು ಕೊಂಡದ್ದು. ಕಿಮ್ಮತ್ತು 68 ಲಕ್ಷ ರೂಪಾಯಿ. ಖರೇದಿ ಆದ ಹದಿನೈದು ದಿನಕ್ಕೆ ಚಹಾದಂಗಡಿಯಲ್ಲಿ ಒಂದು ಮಾತು ಹುಟ್ಟಿತು. "ಮಿಲ್ಲು ಅರವತ್ತೆಂಟು ಲಕ್ಷಕ್ಕ ಕೊಂಡಾರಂತ, ಮಾಲಕಗ ಹನ್ನೊಂದು ಲಕ್ಷ ಅಷ್ಟ ಕೊಟ್ಟಾರಂತ, ನಡುವಿನ ರೊಕ್ಕ ಎಲ್ಲಿ ಹೋತು?" ಈ ಮಾತು ನಮ್ಮ ಮನೆ ಅಡಿಗೆಮನೆಯವರೆಗೂ ಬಂತು. ಕೇಳಿದವರ ತಪ್ಪಲ್ಲ. ಹೇಳದೆ ಇದ್ದದ್ದು ನಮ್ಮ ತಪ್ಪು.

ಆ ಲೆಕ್ಕಕ್ಕೆ ಹೋಗುವ ಮೊದಲು ನಮ್ಮ ಸ್ವಂತದ ಒಂದು ಮಾತು ಹೇಳಲೇಬೇಕು. 2008ರಲ್ಲಿ ನಾವು ಅಣ್ಣತಮ್ಮಂದಿರು ಸೇರಿ ಪ್ಯಾಟ್ಯಾಗ ಒಂದು ಹಿಟ್ಟಿನ ಗಿರಣಿ ಕೊಂಡೆವು. ಜ್ವಾಳ ಬೀಸುವ ಕಲ್ಲು, ಖಾರ ಕುಟ್ಟುವ ಮಷೀನು, ಮೋಟಾರು ಎಲ್ಲಾ ಸೇರಿ ಒಂದು ಲಕ್ಷ ನಲವತ್ತು ಸಾವಿರ. ಅಲ್ಲಿ ಇಲ್ಲಿ ಕೈಗಡ ತಂದು ಪೂರಾ ರೊಕ್ಕ ಮಾರಿದವನ ಕೈಯಲ್ಲಿಟ್ಟೆವು. ಛಾಪಾ ಕಾಗದದ ಮೇಲೆ ಬರೆಸಿಕೊಂಡೆವು, ಇಬ್ಬರು ಸಾಕ್ಷಿ ಹಾಕಿಸಿದೆವು. ನಲವತ್ತು ದಿನ ಆಗಿರಬೇಕು, ಒಂದು ಬ್ಯಾಂಕಿನ ಸಾಹೇಬರು ಬಂದರು. ಆ ಮಷೀನು, ಮೋಟಾರಿನ ಮೇಲೆ ಬ್ಯಾಂಕಿನ ಸಾಲ ಇತ್ತು, ಇನ್ನೂ 62 ಸಾವಿರ ಬಾಕಿ ಇತ್ತು. ಮಾರಿದವ ಊರು ಬಿಟ್ಟು ಹೋಗಿದ್ದ. ನಾವು ಬರೆಸಿಕೊಂಡ ಕಾಗದ ತೋರಿಸಿದೆವು. ಆ ಸಾಹೇಬರು ಶಾಂತವಾಗಿಯೇ ಹೇಳಿದರು: "ಈ ಕಾಗದದ ಮ್ಯಾಲೆ ನೀವು ಅವನನ್ನ ಕೇಳ್ರಿ. ನಮ್ಮ ಹಕ್ಕು ಅವನ ಮ್ಯಾಲೂ ಐತಿ, ಈ ಮಷೀನಿನ ಮ್ಯಾಲೂ ಐತಿ. ಮಷೀನು ಎಲ್ಲಿ ಹೋಗತೈತೊ ಹಕ್ಕು ಅಲ್ಲಿಗೇ ಬರತೈತಿ." ಮನೆಯವರ ಪಾಟ್ಲಿ ಮಾರಿ ಆ 62 ಸಾವಿರ ಕಟ್ಟಿದೆವು. ಆ ಪಾಟ್ಲಿ ಇನ್ನೂ ತಿರುಗಿ ಮಾಡಿಸಿಕೊಡಲು ಆಗಿಲ್ಲ.

ಆಕಳು ಮಾರಿದರೆ ಅದರ ಮೈಮೇಲಿನ ಉಣ್ಣಿ ಮಾರಿದವನ ಕೊಟ್ಟಿಗೆಯಲ್ಲಿ ಉಳಿಯುವುದಿಲ್ಲ, ಕೊಂಡವನ ಕೊಟ್ಟಿಗೆಗೇ ಬರುತ್ತದೆ. ನಮ್ಮ ಕಡೆ ಬೋಜಾ ಅನ್ನುವುದು ಇದಕ್ಕೇ. ಸಾಲ ಮನುಷ್ಯನ ಮೇಲೆ ಇರುತ್ತದೆ, ಬೋಜಾ ಆಸ್ತಿಯ ಮೇಲೆ ಇರುತ್ತದೆ. ಇವೆರಡರ ಅಂತರ ತಿಳಿಯದೆ ನಾವು ಪೆಟ್ಟು ತಿಂದೆವು. ಸಂಘದ ರೊಕ್ಕ ನಮ್ಮೊಬ್ಬರದಲ್ಲ, ನೂರಾರು ಜನರ ಷೇರಿನ ರೊಕ್ಕ. ಅದಕ್ಕೆ ಹಂಗಾಗಬಾರದು ಅಂತ ಮೊದಲ ದಿವಸದಿಂದಲೇ ಎಚ್ಚರ ವಹಿಸಿದೆವು.

ಈಗ ಮಿಲ್ಲಿನ ವಿಷಯ. ಮಾತುಕತೆ ಆದ ಕೂಡಲೆ ಮಾಲಕರು, "ಸಂಚಕಾರ ಅಂತ ಹತ್ತು ಲಕ್ಷ ಕೊಡ್ರಿ" ಅಂದರು. "ಮೊದಲು ಮಿಲ್ಲಿನ ಮ್ಯಾಲೆ ಯಾರ ಯಾರ ಹಕ್ಕು ಐತಿ ನೋಡೂಣು ಸಾವ್ಕಾರ್ರ" ಅಂತ ನಾವು ಕೈ ಜೋಡಿಸಿದೆವು.

ನೋಡುವುದು ಎಲ್ಲಿ? ಮೊದಲನೆಯದು ಸಬ್ ರಜಿಸ್ಟ್ರಾರ್ ಆಫೀಸಿನ ಇ.ಸಿ., ಅಂದರೆ ಋಣಭಾರ ಪತ್ರ. ಅದರಲ್ಲಿ ನೋಂದಣಿಯಾದ ಗಹಾಣ, ಖರೇದಿ ಎಲ್ಲಾ ಕಾಣುತ್ತವೆ. ಏನೂ ಇಲ್ಲದಿದ್ದರೆ ನಮೂನೆ 16 ಕೊಡುತ್ತಾರೆ, ಏನಾದರೂ ಇದ್ದರೆ ನಮೂನೆ 15ರಲ್ಲಿ ಬರೆದು ಕೊಡುತ್ತಾರೆ. ಎರಡನೆಯದು ಹೊಲದ್ದಾದರೆ ಪಹಣಿ ಉತಾರ. ಅದರ 11ನೇ ಕಾಲಮ್ಮಿನಲ್ಲಿ ಋಣಗಳು ಅಂತ ಇರುತ್ತದೆ, ಬ್ಯಾಂಕಿನದು, ಸಂಘದ್ದು ಅಲ್ಲಿ ಕೂತಿರುತ್ತದೆ. ಮೂರನೆಯದು ಮೂಲ ಕಾಗದಪತ್ರ. ಇದನ್ನು ಬಹಳ ಜನ ಮರೆಯುತ್ತಾರೆ. ಖರೇದಿ ಪತ್ರದ ಮೂಲ ಪ್ರತಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಸಾಲ ತಂದರೂ ಅದು ಗಹಾಣವೇ. ಅಂಥದ್ದು ಕೆಲವು ಸಲ ಇ.ಸಿ.ಯಲ್ಲಿ ಕಾಣದೆ ಇರಬಹುದು. ಆದ್ದರಿಂದ ಯಾರಾದರೂ ಝೆರಾಕ್ಸ್ ಅಷ್ಟೇ ತೋರಿಸಿದರೆ, "ಮೂಲ ಎಲ್ಲಿ ಐತಿ?" ಅಂತ ಕೇಳಲೇಬೇಕು. ಇಂಥ ಗಹಾಣಗಳನ್ನು ಬರೆದಿಡಲು 2011ರಿಂದ ಸೆರ್ಸಾಯ್ ಎಂಬ ಕೇಂದ್ರದ ದಾಖಲೆ ನಡೆದಿದೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಅದರಲ್ಲಿ ಹುಡುಕಿಸಬಹುದು. ಇನ್ನು ಲಾರಿ, ಟ್ರ್ಯಾಕ್ಟರ್ ಇದ್ದರೆ ಆರ್.ಸಿ. ಪುಸ್ತಕ ನೋಡಬೇಕು. ಫೈನಾನ್ಸಿನವರ ಹೆಸರು ಅಲ್ಲಿ ಇದ್ದರೆ, ಸಾಲ ತೀರಿದ ಮೇಲೆ ನಮೂನೆ 35ರ ಮೇಲೆ ಅವರ ಸಹಿ ಮಾಡಿಸಿ ಆರ್.ಟಿ.ಓ. ಕಡೆ ತೆಗೆಸಬೇಕು.

ಇಷ್ಟೂ ನೋಡಿದಾಗ ನಮಗೆ ಸಿಕ್ಕ ಲೆಕ್ಕ ಹೀಗಿತ್ತು. ಜಾಗ, ಕಟ್ಟಡ, ಮಷೀನು ಮತ್ತು ದಾಸ್ತಾನಿನ ಮೇಲೆ ಒಂದು ಬ್ಯಾಂಕಿನದು 41 ಲಕ್ಷ 20 ಸಾವಿರ. ಭತ್ತ ಒಣಗಿಸುವ ಡ್ರೈಯರ್ ಮೇಲೆ ಒಂದು ಫೈನಾನ್ಸಿನದು 5 ಲಕ್ಷ 60 ಸಾವಿರ. ಕರೆಂಟಿನ ಬಾಕಿ 1 ಲಕ್ಷ 85 ಸಾವಿರ.

ಕರೆಂಟಿನ ಬಾಕಿ ಹಳೆ ಮಾಲಕನದು, ನಮಗೇನು ಅಂತ ಕೆಲವರು ಅಂದರು. ಹಾಗಲ್ಲ. ಹೊಸ ಸಂಪರ್ಕ ಕೇಳುವ ಹೊಸ ಮಾಲಕನಿಂದ ಆ ಜಾಗದ ಹಳೆ ಬಾಕಿಯನ್ನು, ನಿಯಮದಲ್ಲಿ ಅವಕಾಶವಿದ್ದರೆ, ಕೇಳಬಹುದು ಅಂತ ಸುಪ್ರೀಂ ಕೋರ್ಟು 2023ರಲ್ಲಿ ತೀರ್ಪು ಕೊಟ್ಟಿದೆ. ಜಿ.ಎಸ್.ಟಿ.ಯದೂ ಹಾಗೇ. 2017ರ ಕಾಯ್ದೆಯಲ್ಲಿ, ನಡೆಯುವ ವ್ಯಾಪಾರವನ್ನು ಪೂರಾ ಕೊಂಡರೆ ಅಲ್ಲಿಯವರೆಗಿನ ತೆರಿಗೆ ಬಾಕಿಗೆ ಮಾರಿದವನೂ ಕೊಂಡವನೂ ಇಬ್ಬರೂ ಹೊಣೆ ಅಂತ ಬರೆದಿದೆ. ಬರಿಯ ಜಾಗ ಕೊಳ್ಳುವುದು ಬೇರೆ, ನಡೆಯುವ ವ್ಯಾಪಾರ ಕೊಳ್ಳುವುದು ಬೇರೆ ಅನ್ನುವುದು ಇಲ್ಲಿ ತಿಳಿಯುತ್ತದೆ.

ಈಗ ನಮ್ಮ ರೊಕ್ಕದ ವ್ಯವಸ್ಥೆ. ಜಿಲ್ಲಾ ಸಹಕಾರಿ ಬ್ಯಾಂಕಿನವರು 45 ಲಕ್ಷ ಸಾಲ ಕೊಡಲು ಒಪ್ಪಿದರು, ಉಳಿದ 23 ಲಕ್ಷ ಸಂಘದ ಸ್ವಂತ ನಿಧಿ. ಆದರೆ ಜಿಲ್ಲಾ ಬ್ಯಾಂಕಿನವರ ಕರಾರು ಏನೆಂದರೆ, ಮಿಲ್ಲಿನ ಮೇಲೆ ಮೊದಲನೇ ಹಕ್ಕು ತಮ್ಮದೇ ಇರಬೇಕು, ಬೇರೆ ಯಾರ ಬೋಜಾನೂ ಇರಬಾರದು, ಆಮೇಲೆ ಸಾಲ. ಹಳೆ ಬ್ಯಾಂಕಿನವರು ಏನು ಅನ್ನುತ್ತಾರೆ? ಮೊದಲು ರೊಕ್ಕ ಕಟ್ಟಿರಿ, ಆಮೇಲೆ ಕಾಗದ. ಮದುವಿ ಆಗದ ಹುಚ್ಚು ಬಿಡೂದಿಲ್ಲ, ಹುಚ್ಚು ಬಿಡದ ಮದುವಿ ಆಗೂದಿಲ್ಲ ಅಂದ ಹಾಗೆ ಆಯಿತು. ಎರಡು ತಿಂಗಳು ಇದರಲ್ಲೇ ಹೋಯಿತು.

ಇದಕ್ಕೆ ದಾರಿ ತೋರಿಸಿದವರು ನಮ್ಮ ಸಂಘದ ವಕೀಲರು. ಹಳೆ ಬ್ಯಾಂಕಿನಿಂದ ಒಂದು ಪತ್ರ ತೆಗೆದುಕೊಳ್ಳಬೇಕು. ಅದರಲ್ಲಿ ಇಂಥ ತಾರೀಖಿಗೆ ಅಸಲು ಬಡ್ಡಿ ಸೇರಿ ಇಷ್ಟು, ಮುಂದೆ ದಿನಕ್ಕೆ ಇಷ್ಟು ಬಡ್ಡಿ, ಇಷ್ಟು ಮುಟ್ಟಿದ ಕೂಡಲೆ ಮೂಲ ಕಾಗದ ತಿರುಗಿ ಕೊಟ್ಟು ಗಹಾಣ ಬಿಡುಗಡೆ ಮಾಡಿಕೊಡುತ್ತೇವೆ ಅಂತ ಸ್ಪಷ್ಟ ಇರಬೇಕು. ಆ ಪತ್ರದ ಆಧಾರದ ಮೇಲೆ ಜಿಲ್ಲಾ ಬ್ಯಾಂಕಿನವರು ರೊಕ್ಕವನ್ನು ಮಾಲಕರ ಕೈಗೂ ಕೊಡಲಿಲ್ಲ, ಸಂಘದ ಕೈಗೂ ಕೊಡಲಿಲ್ಲ, ನೇರ ಹಳೆ ಬ್ಯಾಂಕಿನ ಹೆಸರಿಗೇ ಡಿ.ಡಿ. ತೆಗೆದರು. ಎಲ್ಲರೂ ಒಂದೇ ದಿವಸ ಸಬ್ ರಜಿಸ್ಟ್ರಾರ್ ಆಫೀಸಿನಲ್ಲಿ ಕೂಡುವುದು. ಮೊದಲು ಡಿ.ಡಿ. ಕೊಟ್ಟು ಮೂಲ ಕಾಗದ ಮತ್ತು ಬಿಡುಗಡೆ ಪತ್ರ, ಎರಡನೆಯದು ಸಂಘದ ಹೆಸರಿಗೆ ಖರೇದಿ, ಮೂರನೆಯದು ಜಿಲ್ಲಾ ಬ್ಯಾಂಕಿಗೆ ಹೊಸ ಗಹಾಣ. ಈ ಸಾಲು ತಪ್ಪಬಾರದು.

ಎಲ್ಲಾ ಕೂಡಿ ಬಂತು ಅನ್ನುವಾಗ ನಿಜವಾದ ಕಠಿಣ ಪ್ರಸಂಗ ಬಂತು. ಖರೇದಿಗೆ ಐದು ದಿವಸ ಇರುವಾಗ ನಮ್ಮ ಓಣಿಯ ಒಬ್ಬ ಅಜ್ಜಿ ಮನೆಗೆ ಬಂದರು. ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದರು. ಮಿಲ್ಲಿಗೆ ಹಾಕಿದ 22 ಚೀಲ ಭತ್ತದ ತೂಕದ ಚೀಟಿ. "ಯಪ್ಪಾ, ಮಿಲ್ಲು ನೀವು ತಗೋತೀರಂತ. ನನ್ನ ಭತ್ತದ ರೊಕ್ಕ ಯಾರು ಕೊಡತೀರಿ?" ಅಂದರು. ವಿಚಾರಿಸಿದಾಗ ಹೀಗೆ ಹತ್ತೊಂಬತ್ತು ಜನ ರೈತರದು, ಎಲ್ಲರೂ ನಮ್ಮ ಸಂಘದ ಸದಸ್ಯರೇ, 6 ಲಕ್ಷ 35 ಸಾವಿರ ಬಾಕಿ ಇತ್ತು.

ವಕೀಲರನ್ನು ಕೇಳಿದೆವು. ಅವರು ಇದ್ದದ್ದನ್ನೇ ಹೇಳಿದರು. ಮಾಲು ಕೈಬಿಟ್ಟ ಮೇಲೆ ಅದರ ಮೇಲೆ ರೈತನ ಹಿಡಿತ ಹೋಗುತ್ತದೆ. ರೈತನಿಗೆ ಮಿಲ್ಲಿನ ಮೇಲೆ ಬೋಜಾ ಇಲ್ಲ. ಮೂರು ವರ್ಷದೊಳಗೆ ಹಳೆ ಮಾಲಕನ ಮೇಲೆ ದಾವೆ ಹಾಕಬೇಕು, ಅಷ್ಟೇ. ಸಂಘಕ್ಕೆ ಕಾಯ್ದೆ ಪ್ರಕಾರ ಜವಾಬ್ದಾರಿ ಇಲ್ಲ.

ಮಾಲಕರೂ ಅದನ್ನೇ ಅಂದರು. "ಅದು ನಮ್ಮದು ಅವರದು ವ್ಯವಹಾರ. ಬೋಜಾ ಇದ್ದರ ತೋರಸ್ರಿ, ಕೊಡತೇನಿ." ಆಡಳಿತ ಮಂಡಳಿಯಲ್ಲಿ ಎರಡು ಮಾತಾಯಿತು. ಹಳೆ ಬ್ಯಾಂಕಿನ ಪತ್ರದ ಗಡುವು ಹತ್ತಿರ ಬಂದಿದೆ, ತಪ್ಪಿದರೆ ದಿನಕ್ಕೆ 1,240 ರೂಪಾಯಿ ಬಡ್ಡಿ ಏರುತ್ತದೆ, ಮತ್ತೆ ಎಲ್ಲಾ ಮೊದಲಿನಿಂದ. ಇದರಲ್ಲಿ ತಲೆ ಹಾಕುವುದು ಬೇಡ ಅಂತ ಕೆಲವರು. ಅವರ ಮಾತೂ ಸುಳ್ಳಲ್ಲ, ಖರೇದಿ ಮುರಿದರೆ ಊರಿಗೇ ಹಾನಿ. ಆದರೆ ನಾವು ಅಂದದ್ದು ಇಷ್ಟೇ. ಬ್ಯಾಂಕಿನವರ ಹತ್ತಿರ ಕಾಗದ ಐತಿ, ಅದಕ್ಕೆ ಅವರ ರೊಕ್ಕ ಮೊದಲು ಬರತೈತಿ. ಅಜ್ಜಿ ಹತ್ತಿರ ತೂಕದ ಚೀಟಿ ಅಷ್ಟ ಐತಿ. ಆ ಅಜ್ಜಿಯ ಷೇರಿನ ರೊಕ್ಕ ಹಾಕಿ ಕೊಂಡ ಮಿಲ್ಲಿನ ಮುಂದೆ ಆಕೆ ನಾಳೆ ಹಾದುಹೋಗುವಾಗ ನಾವು ಯಾವ ಮುಖ ಇಟ್ಟುಕೊಂಡು ಕೂಡುವುದು?

ಕಡೆಗೆ ಠರಾವು ಆಯಿತು. ಆ 6 ಲಕ್ಷ 35 ಸಾವಿರವನ್ನು ಖರೇದಿ ರೊಕ್ಕದಲ್ಲಿಯೇ ಸಂಘ ನೇರವಾಗಿ ರೈತರಿಗೆ ಕೊಡಲಿ ಅಂತ ಮಾಲಕರು ಬರೆದುಕೊಟ್ಟರೆ ಮಾತ್ರ ಖರೇದಿ. ಮಾಲಕರು ಸಿಟ್ಟಿನಿಂದ ಎದ್ದು ಹೋದರು. ಎರಡು ದಿವಸ ಸುದ್ದಿ ಇಲ್ಲ. ಆ ಎರಡು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮೂರನೇ ದಿವಸ ಮುಂಜಾನೆ ಅವರೇ ಬಂದು ಸಹಿ ಮಾಡಿದರು. ಅವರೇನು ಕೆಟ್ಟವರಲ್ಲ, ಮಿಲ್ಲು ನಿಂತು ಕೈ ಸೋತಿದ್ದರು ಅಷ್ಟೇ. ಇವತ್ತೂ ನಮ್ಮ ಸಂಘದ ಸದಸ್ಯರು, ಈ ಸಭೆಯಲ್ಲಿ ಕುಂತಿದ್ದಾರೆ. ಅವರನ್ನು ಸಂಘ ಮೋಸ ಮಾಡಿತು ಅನ್ನುವ ಮಾತಿನಿಂದ ಅವರಿಗೂ ನೋವಾಗಿದೆ.

ಈಗ ಕೂಡಿಸಿ ನೋಡ್ರಿ. ಹಳೆ ಬ್ಯಾಂಕಿಗೆ 41 ಲಕ್ಷ 20 ಸಾವಿರ, ಫೈನಾನ್ಸಿಗೆ 5 ಲಕ್ಷ 60 ಸಾವಿರ, ಕರೆಂಟಿಗೆ 1 ಲಕ್ಷ 85 ಸಾವಿರ, ರೈತರಿಗೆ 6 ಲಕ್ಷ 35 ಸಾವಿರ. ಒಟ್ಟು 55 ಲಕ್ಷ. 68ರಲ್ಲಿ 55 ಹೋದರೆ ಉಳಿಯುವುದು 13 ಲಕ್ಷ. ಅದರಲ್ಲಿ ಮಾಲಕರಿಗೆ ಆ ದಿವಸ ಕೊಟ್ಟದ್ದು 11 ಲಕ್ಷ. ಚಹಾದಂಗಡಿಯ ಲೆಕ್ಕ ಇಲ್ಲಿಗೇ ನಿಂತಿತ್ತು. ಇನ್ನು 2 ಲಕ್ಷವನ್ನು ಕರಾರು ಮಾಡಿ ಸಂಘದಲ್ಲಿ ಹಿಡಿದಿಟ್ಟೆವು. ಯಾಕೆ?

ಇದೇ ಇವತ್ತಿನ ಮುಖ್ಯ ಮಾತು. ಸಾಲ ತೀರುವುದು ಒಂದು, ಬೋಜಾ ಇಳಿಯುವುದು ಇನ್ನೊಂದು. ಬೋಜಾ ಯಾವ ಪುಸ್ತಕದಲ್ಲಿ ಏರಿತ್ತೊ ಅದೇ ಪುಸ್ತಕದಲ್ಲಿ ಇಳಿಯಬೇಕು. ರೊಕ್ಕ ಕಟ್ಟಿದ ಪಾವತಿ ಕೈಯಲ್ಲಿದ್ದರೂ ಇ.ಸಿ.ಯಲ್ಲಿ, ಉತಾರದಲ್ಲಿ, ಸೆರ್ಸಾಯ್ ದಾಖಲೆಯಲ್ಲಿ ಹಳೆ ಹೆಸರು ನಿಂತಿದ್ದರೆ ಮುಂದೆ ಸಾಲ ಕೊಡುವವನು ಅದನ್ನೇ ನೋಡುತ್ತಾನೆ. ನಮ್ಮ ಮಿಲ್ಲಿನದೂ ಹಾಗೇ ಆಯಿತು. ಡ್ರೈಯರಿನ ಸಾಲ ತೀರಿತು, ಫೈನಾನ್ಸಿನವರು ಬೇಬಾಕಿ ಪತ್ರ ಕೊಟ್ಟರು, ಆದರೆ ಕೇಂದ್ರದ ದಾಖಲೆಯಲ್ಲಿ ಅವರ ಹೆಸರು ಹಾಗೇ ಉಳಿದಿತ್ತು. ಅದನ್ನು ತೆಗೆಸಲು ಎರಡು ತಿಂಗಳು ಹಿಡಿಯಿತು. ಮಾಲಕರೇ ಓಡಾಡಿ ತೆಗೆಸಿದರು, ಯಾಕೆಂದರೆ ಅವರ 2 ಲಕ್ಷ ನಮ್ಮಲ್ಲಿತ್ತು. ಆ 2 ಲಕ್ಷ ಇರದಿದ್ದರೆ ಯಾರು ಓಡಾಡುತ್ತಿದ್ದರು? ಎಲ್ಲಾ ಸರಿಯಾದ ಮೇಲೆ, ಜಿ.ಎಸ್.ಟಿ. ಬಾಕಿ ಇಲ್ಲ ಅಂತ ನೋಡಿಕೊಂಡ ಮೇಲೆ, ಅವರ 2 ಲಕ್ಷ ಚೆಕ್ಕಿನಲ್ಲಿ ಮುಟ್ಟಿಸಿದ್ದೇವೆ. ಪಾವತಿ ಸಂಘದ ಕಡತದಲ್ಲಿದೆ, ಯಾರು ಬೇಕಾದರೂ ಬಂದು ನೋಡಬಹುದು.

ಇಲ್ಲಿ ಒಂದು ಸೂಚನೆ. ಸಾಲ ಪೂರಾ ತೀರಿದ 30 ದಿವಸದೊಳಗೆ ಮೂಲ ಕಾಗದ ತಿರುಗಿ ಕೊಡಬೇಕು, ಹಕ್ಕಿನ ದಾಖಲೆ ತೆಗೆಸಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕು 2023ರಲ್ಲಿ ನಿಯಮ ಮಾಡಿತು. ಅದು ಬಂದದ್ದು ಮನೆ ಸಾಲದಂಥ ವೈಯಕ್ತಿಕ ಸಾಲಗಳಿಗೆ. ಮಿಲ್ಲು, ಅಂಗಡಿಯ ವ್ಯಾಪಾರದ ಸಾಲಕ್ಕೆ ಅದನ್ನೇ ನಂಬಿ ಕೂಡಬಾರದು, ಪತ್ರದಲ್ಲೇ ಬರೆಸಿಕೊಳ್ಳಬೇಕು.

ಸದಸ್ಯ ಬಾಂಧವರೆ, ಇಷ್ಟು ಹೊತ್ತು ಬೇರೆ ಬ್ಯಾಂಕಿನ ಮಾತು ಆಡಿದೆವು. ಆದರೆ ನಮ್ಮ ಸಂಘವೂ ಬೋಜಾ ಹಾಕುವ ಸಂಘವೇ. ಮಿಲ್ಲಿನ ಕೆಲಸ ಮುಗಿದ ಮೇಲೆ ನಮ್ಮದೇ ಕಪಾಟು ತೆಗೆದು ನೋಡಿದಾಗ ನಾಚಿಕೆಯಾಯಿತು. ಸಾಲ ತೀರಿಸಿ ವರ್ಷಗಳಾದ ಸದಸ್ಯರ ಉತಾರದಲ್ಲಿ ಇನ್ನೂ ಸಂಘದ ಬೋಜಾ ನಿಂತಿತ್ತು. ಅವರು ಕೇಳಿರಲಿಲ್ಲ, ನಾವು ಮಾಡಿರಲಿಲ್ಲ. ಅದರಲ್ಲಿ ಒಬ್ಬರ ಮಗ ಅಂಗಡಿ ಕೊಳ್ಳಲು ಸಾಲಕ್ಕೆ ಹೋಗಿ ಇದೇ ಕಾರಣದಿಂದ ತಿರುಗಿ ಬಂದಿದ್ದ. ಆವತ್ತಿನಿಂದ ನಿಯಮ ಮಾಡಿದ್ದೇವೆ. ಸಾಲ ತೀರಿದ ಹದಿನೈದು ದಿವಸದೊಳಗೆ, ಸದಸ್ಯರು ಕೇಳಲಿ ಬಿಡಲಿ, ಬೋಜಾ ಇಳಿಸುವ ಪತ್ರ ಸಂಘದಿಂದ ಹೋಗಬೇಕು.

ಇನ್ನು ಕೆಲವರು, "ಎರಡು ಹೊಲದ ಮ್ಯಾಲೆ ಬೋಜಾ ಐತಿ, ಒಂದನ್ನ ಬಿಟ್ಟು ಕೊಡ್ರಿ, ಮಾರಿ ವ್ಯಾಪಾರ ಮಾಡತೇವಿ" ಅಂತ ಬರುತ್ತಾರೆ. ಬಿಡಬಹುದು, ಬಿಟ್ಟಿದ್ದೇವೆ. ಆದರೆ ಎರಡು ವಿಚಾರ ನೋಡಬೇಕು. ಉಳಿದ ಹೊಲ ಉಳಿದ ಸಾಲಕ್ಕೆ ಸಾಕಾಗುತ್ತದೆಯೇ? ಎರಡನೆಯದು, ಜಾಮೀನುದಾರನ ಒಪ್ಪಿಗೆ. ಅವನನ್ನು ಕೇಳದೆ ಸಂಘ ಆಧಾರವನ್ನು ಬಿಟ್ಟುಕೊಟ್ಟರೆ, ಬಿಟ್ಟ ಆಧಾರದ ಕಿಮ್ಮತ್ತಿನಷ್ಟು ಜಾಮೀನುದಾರ ಹೊಣೆಯಿಂದ ಬಿಡುಗಡೆಯಾಗುತ್ತಾನೆ ಅಂತ 1872ರ ಕರಾರು ಕಾಯ್ದೆಯಲ್ಲೇ ಇದೆ. ಅದು ನ್ಯಾಯವೂ ಹೌದು. ಹೊಲ ಇದೆ ಅನ್ನುವ ಧೈರ್ಯದ ಮೇಲೆ ಅವನು ಸಹಿ ಹಾಕಿರುತ್ತಾನೆ.

ಕಡೆಗೆ ಮನೆಗೆ ಒಯ್ಯಲು ನಾಲ್ಕೇ ಮಾತು. ಅಂಗಡಿ, ಗಿರಣಿ, ಟ್ರ್ಯಾಕ್ಟರ್ ಏನೇ ಕೊಳ್ಳಿರಿ, ಸಂಚಕಾರ ಕೊಡುವ ಮೊದಲು ಬೋಜಾ ನೋಡಿರಿ. ಮೂಲ ಕಾಗದ ಕಣ್ಣಿಂದ ಕಾಣುವವರೆಗೆ ಕೈ ಬಿಗಿ ಹಿಡಿಯಿರಿ. ಬೋಜಾ ಇದ್ದವರ ರೊಕ್ಕವನ್ನು ನೀವೇ ನೇರ ಕಟ್ಟಿರಿ, ಮಾರುವವನ ಕೈಯಿಂದ ಕಟ್ಟಿಸಬೇಡಿರಿ. ಎಲ್ಲಾ ಪುಸ್ತಕದಲ್ಲಿ ಇಳಿಯುವವರೆಗೆ ಸ್ವಲ್ಪ ರೊಕ್ಕ ಹಿಡಿದಿಟ್ಟುಕೊಳ್ಳಿರಿ.

ಆ ಹತ್ತೊಂಬತ್ತು ಜನರ ರೊಕ್ಕ ಅವರವರ ಉಳಿತಾಯ ಖಾತೆಗೆ ಜಮಾ ಆಯಿತು. ಕೆಲವರ ಸಾಲ ನಮ್ಮಲ್ಲೇ ಇತ್ತು, ಅದಕ್ಕೆ ವಜಾ ಹಾಕಿಕೊಳ್ಳೋಣ ಅಂತ ಒಂದು ಸಲಹೆ ಬಂದಿತ್ತು. ಬೇಡ ಅಂದೆವು. ಭತ್ತದ ರೊಕ್ಕ ಮೊದಲು ರೈತನ ಕೈಗೆ ಬರಲಿ, ಸಾಲ ಅವನೇ ತಂದು ಕಟ್ಟಲಿ. ಹೆಚ್ಚಿನವರು ತಾವಾಗಿಯೇ ತಂದು ಕಟ್ಟಿದರು. ಅಜ್ಜಿ ಈ ಸುಗ್ಗಿಯ ಭತ್ತವನ್ನು ನಮ್ಮ ಮಿಲ್ಲಿಗೇ ಹಾಕಿದ್ದಾರೆ. ತೂಕದ ಚೀಟಿ ಕೊಟ್ಟಾಗ, "ಚೀಟಿ ಯಾಕಪ್ಪಾ, ಮಿಲ್ಲು ನಂದ ಐತಿ" ಅಂದರು. ನಾವು, "ಇರಲಿ ಅಜ್ಜಿ, ಚೀಟಿ ಇಟಗೋರಿ, ಕಾಗದ ಇರಬೇಕು" ಅಂತ ಕೈಯಲ್ಲಿಟ್ಟೆವು.

 ಲೆಕ್ಕದಲ್ಲಿ ಯಾರಿಗೆ ಸಂಶಯವಿದ್ದರೂ ಈಗಲೇ ಎದ್ದು ಕೇಳಬಹುದು.

ಜೈ ಸಹಕಾರ.